ಅಂತರಪಟ ಹಿಡಿದ ಸೋದರಮಾವ

ಹೊಸ ಶರ್ಟಿನ ಕಾಲರು ಚುಚ್ಚಬಹುದು. ಜರಿ ಶಲ್ಯ ಕುತ್ತಿಗೆಗೆ ಉಜ್ಜಿ, ನಾನು ಅದನ್ನು ಮಂಟಪದಲ್ಲೇ ಕಿತ್ತೆಸೆಯಬಹುದು. ಯಾರಾದರೂ ಮುಖಕ್ಕೆ ಪನ್ನೀರು ಚಿಮುಕಿಸಬಹುದು. ವಿಡಿಯೋದವನ ಲೈಟಿಗೆ ತಲೆ ಸುತ್ತಿ ಪುರೋಹಿತರ ಮೇಲೆ ಬೀಳಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಗಟ್ಟಿಮೇಳ ಶುರುವಾದ ಕೂಡಲೇ ಅಂತರಪಟ ಬಿಸಾಡಿ ಕೊಟ್ಟಿಗೆಹಾರದವರೆಗೂ ಓಡಬಹುದು.

ಅಕ್ಕನ ಮಗಳು ಚೈತ್ರಾಳ ಮದುವೆಗೆ ಹೊರಡುವ ಮುನ್ನ ಈ ಸಂಭಾವ್ಯ ಅನಾಹುತಗಳನ್ನು ಹೆಂಡತಿ ಸುಮಿತ್ರಾಳ ಮುಂದೆ ವಿಧಿವತ್ತಾಗಿ ಮಂಡಿಸಿದೆ.

"ಛತ್ರ ಕುಸಿಯೋದೊಂದು ಬಿಟ್ಟುಹೋಯ್ತಲ್ಲ," ಎಂದಳು.

ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಕಾಫಿಯ ರುಚಿ ನೋಡುವುದು ನನ್ನ ಕೆಲಸ. ಮೂಟೆಯೊಳಗೆ ಎಲ್ಲೋ ನಾಲ್ಕು ಬೀಜ ಬೂಷ್ಟು ಹಿಡಿದಿದ್ದರೂ ನನಗೆ ಗೊತ್ತಾಗುತ್ತದೆ. ಆಫೀಸಿನಲ್ಲಿ ಇದಕ್ಕೆ ಪ್ರತಿಭೆ ಎನ್ನುತ್ತಾರೆ. ಅದೇ ಮೂಗನ್ನು ಮನೆಗೆ ತಂದು ಹೊಸ ಸೋಪಿನ ವಾಸನೆ ಆಗಲ್ಲ ಎಂದರೆ, ಹಠ ಎನ್ನುತ್ತಾರೆ. ಹೋದ ವರ್ಷ ಚಿಕ್ಕಮಗಳೂರಿನ ಡಾಕ್ಟರೊಬ್ಬರು, "ಇದು ಹಠ ಅಲ್ಲ, ನಿಮಗೆ ಆಟಿಸಂ ಇದೆ. ಶಬ್ದ, ಬೆಳಕು, ಬಟ್ಟೆ, ವಾಸನೆ ಎಲ್ಲವೂ ನಿಮಗೆ ಬೇರೆಯವರಿಗಿಂತ ಜೋರಾಗಿ ತಾಗುತ್ತೆ," ಎಂದರು. ಐವತ್ತರ ಹತ್ತಿರ ಬಂದವನಿಗೆ ಅಳು ಬರುವಷ್ಟು ಸಮಾಧಾನವಾಯಿತು.

ಸುಮಿತ್ರಾ ವಾಪಸು ಬರುವ ದಾರಿಯುದ್ದಕ್ಕೂ ಏನೋ ಯೋಚಿಸುತ್ತಿದ್ದವಳು ಕೇಳಿದಳು: "ಹಾಗಾದ್ರೆ ನಮ್ಮ ಮದುವೇಲಿ ತಾಳಿ ಕಟ್ಟುವಾಗ ನಿಮ್ಮ ಕಣ್ಣಲ್ಲಿ ನೀರು ಬಂತಲ್ಲ, ಅದು?"

"ಗಟ್ಟಿಮೇಳ. ಎರಡೂ ಕೈಯಲ್ಲಿ ತಾಳಿ ಇತ್ತು, ಕಿವಿ ಮುಚ್ಚಿಕೊಳ್ಳೋಕೆ ಆಗ್ಲಿಲ್ಲ."

"ಇಷ್ಟು ವರ್ಷ ಪ್ರೀತಿ ಅಂದ್ಕೊಂಡಿದ್ನಲ್ಲ ಮಾರಾಯ್ರೆ."

ನಮ್ಮ ಮದುವೆಯಾದಂದಿನಿಂದ ಯಾರ ಮದುವೆಯೇ ಇರಲಿ, ಮುಹೂರ್ತದ ಹೊತ್ತಿಗೆ ನಾನು ಹೊರಗೆ ಜೀಪುಗಳ ಸಂದಿಯಲ್ಲಿ ನಿಂತಿರುತ್ತಿದ್ದೆ. ಚೈತ್ರಾ ಬಿಡಲಿಲ್ಲ. "ನನ್ನ ಮದುವೇಲಿ ನೀವು ಜೀಪಿನ ಹತ್ರ ಇರಬಾರ್ದು ಮಾವ. ಅಂತರಪಟ ನೀವೇ ಹಿಡೀಬೇಕು," ಎಂದಳು. ವಧೂವರರ ನಡುವೆ ಒಂದು ಬಟ್ಟೆ ಹಿಡಿಯುವುದು, ಪುರೋಹಿತರು ಹೇಳಿದಾಗ ಇಳಿಸುವುದು. ಅಷ್ಟೇ ಕೆಲಸ. ಆ ಹುಡುಗಿಗಾಗಿ ಇಷ್ಟಾದರೂ ನಿಂತು ಮಾಡಬೇಕೆಂದು ತೀರ್ಮಾನಿಸಿದೆ.

ಸಿದ್ಧತೆ ಪರಿಪೂರ್ಣವಾಗಿತ್ತು. ಕಾಲರಿನ ಲೇಬಲ್ ಕತ್ತರಿಸಿದೆ. ಶಲ್ಯದ ಒಳಗೆ ಹಳೇ ಪಂಚೆಯ ತುಂಡು ಹೊಲಿಸಿದೆ. ಕಿವಿಗೆ ತುರುಕುವ ಮೆತ್ತನೆಯ ಬಿರಡೆ ತಂದು, ಮಿಕ್ಸಿ ಓಡಿಸಿ ಪರೀಕ್ಷಿಸಿದೆ. ಪಕ್ಕದ ಎಸ್ಟೇಟಿನಲ್ಲಿ ಜೇನುಹುಳು ಹಾರಿದಂತಿತ್ತು. ಪೇಟದ ಕೆಳಗೆ ಅದು ಯಾರಿಗೂ ಕಾಣುತ್ತಿರಲಿಲ್ಲ.

ಮೂಡಿಗೆರೆಯ ಛತ್ರದಲ್ಲಿ ಯಾರು ಏನು ಹೇಳಿದರೂ ನಗುತ್ತಾ ತಲೆ ಆಡಿಸಿದೆ. ಮಂಟಪ ಹತ್ತುವಾಗ ಚೈತ್ರಾ ಕಿವಿಯ ಹತ್ತಿರ ಬಂದು ಏನೋ ಹೇಳಿದಳು. ಅದಕ್ಕೂ ಆಡಿಸಿದೆ. ಅಂತರಪಟದ ಒಂದು ತುದಿ ನನ್ನ ಕೈಗೆ ಬಂತು, ಇನ್ನೊಂದು ತುದಿ ವರನ ದೊಡ್ಡಪ್ಪನ ಕೈಗೆ. ಲೈಟು ಉರಿಯಿತು. ಕಣ್ಣು ಮುಚ್ಚಿದೆ.

ಆಹಾ! ಜನ್ಮದಲ್ಲಿ ಮೊದಲ ಸಲ ಮದುವೆ ಮನೆಯಲ್ಲಿ ನೆಮ್ಮದಿಯಾಗಿದ್ದೆ.

ಸ್ವಲ್ಪ ಹೊತ್ತಿಗೆ ಆಚೆ ತುದಿ ಕೆಳಗಿಳಿಯಿತು. ಪಾಪ, ವಯಸ್ಸಾದವರು, ಕೈ ಸೋತಿರಬೇಕು ಎಂದು ಮರುಗಿ ನನ್ನ ತುದಿಯನ್ನು ಇನ್ನಷ್ಟು ಎತ್ತಿದೆ. ಅವರೂ ಎತ್ತಿದರು. ಮತ್ತೆ ಇಳಿಸಿದರು. ನಾನು ಮತ್ತೆ ಎತ್ತಿದೆ. ಹೆಣ್ಣಿನ ಕಡೆಯವರಲ್ಲಿ ಹೀಗೊಂದು ಶಾಸ್ತ್ರ ಇರಬಹುದು ಎಂದು ಅವರು ಗೌರವದಿಂದ ಸಹಕರಿಸಿದರಂತೆ.

ಯಾರೋ ನನ್ನ ಎರಡೂ ಕಿವಿಯ ಬಿರಡೆ ಕಿತ್ತರು. ಕಣ್ಣು ಬಿಟ್ಟೆ. ಬಟ್ಟೆಯ ಕೆಳಗಿಂದ ಚೈತ್ರಾಳ ಬಾಸಿಂಗ ಕಟ್ಟಿದ ಮುಖ ಹೊರಬಂದಿತ್ತು. ಆಚೆ ಬದಿ ವರ ಜೀರಿಗೆ ಬೆಲ್ಲ ಹಿಡಿದ ಕೈ ಎತ್ತಿಕೊಂಡೇ ನಿಂತಿದ್ದ. ಪುರೋಹಿತರು ಇಳಿಸಿ, ಇಳಿಸಿ ಎನ್ನುತ್ತಿದ್ದರು.

"ಮಾವ, ಬಿಡಿ ಮಾವ. ಮದುವೆ ಆಗ್ತೀನಿ."

ಬಿಟ್ಟೆ. ಗಟ್ಟಿಮೇಳ ಮೊಳಗಿತು. ಆದರೆ ಎಲ್ಲೋ ದೂರದಿಂದ, ಮೆತ್ತಗೆ. ಅರ್ಧ ಹೆಜ್ಜೆ ಹಿಂದಿಟ್ಟವನು ಅಲ್ಲೇ ನಿಂತೆ. ಪೂರ್ತಿ ಕೇಳಿದೆ. ಸುಮಿತ್ರಾ ನನ್ನ ಒದ್ದೆಯಾದ ಕಣ್ಣನ್ನೇ ನೋಡುತ್ತಿದ್ದಳು. "ಇದು ಯಾವುದು?" ಎಂದಳು.

"ಇದು ಪ್ರೀತೀದೇ ಮಾರಾಯ್ತಿ."

ಊಟದ ಮನೆಯಲ್ಲಿ ಚೈತ್ರಾ ಹೇಳಿದಳು: "ವಾಲಗದವ್ರನ್ನ ಹೊರಗಿನ ಜಗಲೀಲಿ ಕೂರಿಸಿದ್ದೆ ಮಾವ. ನಿಮಗೆ ಬಿರಡೆ ಬೇಕಾಗೇ ಇರ್ಲಿಲ್ಲ."

"ಮೊದಲೇ ಹೇಳಬಾರ್ದಿತ್ತಾ ಮಗಾ?"

"ಹೇಳ್ದೆನಲ್ಲ, ಮಂಟಪ ಹತ್ತುವಾಗ. ನೀವು ತಲೆ ಆಡಿಸಿದ್ರಿ."

ನಾನು ಅಂಜಿದ್ದು ಒಂದೂ ಆಗಲಿಲ್ಲ. ಕಾಲರು ಚುಚ್ಚಲಿಲ್ಲ, ಪನ್ನೀರು ಬೀಳಲಿಲ್ಲ, ಕೊಟ್ಟಿಗೆಹಾರಕ್ಕೆ ಓಡಲಿಲ್ಲ. ಮದುವೆಯನ್ನು ಒಂಚೂರು ತಡೆಹಿಡಿದಿದ್ದೆ, ಅಷ್ಟೇ.