ಮಾವನ ಆಲ್ಬಂ ಮತ್ತು ಮುಚ್ಚಿಹೋದ ಕಿಸೆಗಳು

ಸಂಗೀತ ಗೊತ್ತಿಲ್ಲದವರು ಅದರ ಬಗ್ಗೆ ಬಾಯಿ ತೆರೆಯಬಾರದು ಎಂಬುದು ಒಳ್ಳೆಯ ನಿಯಮ. ನನ್ನಿಂದ ಅದು ಆಗುವುದಿಲ್ಲ. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಸುವ ಸಣ್ಣ ಯೂನಿಟ್ಟಿನ ಮಾಲೀಕ ನಾನು. ಷೆಡ್ಡಿನ ಸ್ಪೀಕರಿನಲ್ಲಿ ದಿನವಿಡೀ ತೆಲುಗು ಸಿನಿಮಾ ಹಾಡು ಕೇಳಿ ಕೇಳಿ, ಸಂಗೀತವೆಲ್ಲ ಅರೆದು ಕುಡಿದಿದ್ದೇನೆ ಎಂಬ ಜಂಬ ಬಂದುಬಿಟ್ಟಿತ್ತು. ಹಾಗಾಗಿ ಅಗಳಿಯಿಂದ ಮಾವ ಪೆನ್‌ಡ್ರೈವ್ ಹಿಡಿದು ಬಂದಾಗ ವಿಮರ್ಶೆಗೆ ಕೂತೇಬಿಟ್ಟೆ.

ಮಾವ ಅಂದರೆ ನನ್ನ ಹೆಂಡತಿಯ ಅಪ್ಪ. ಮಡಕಶಿರಾ ಸುತ್ತಿನ ಮದುವೆಗಳಲ್ಲಿ ಕ್ಲಾರಿಯೋನೆಟ್ ಊದಿ ಊದಿ ಕೂದಲು ನರೆಸಿಕೊಂಡವರು. ಡಿಜೆ ಬಂದ ಮೇಲೆ ಅವರನ್ನು ಮದುವೆಗೆ ಕರೆಯುವುದು ಊಟಕ್ಕೆ ಮಾತ್ರ. ಈ ವಯಸ್ಸಿನಲ್ಲಿ ತಾವೇ ಹೊಸ ಧಾಟಿ ಕಟ್ಟಿ, ಬಳ್ಳಾರಿಯ ಸ್ಟುಡಿಯೋದಲ್ಲಿ ಊದಿ, 'ಬೆಳಕಾಯ್ತು ಏಳಿ' ಎಂದು ಆಲ್ಬಂ ಮಾಡಿದ್ದರು. ನಾನು ಗಂಟಲು ಸರಿಮಾಡಿಕೊಂಡು, "ಛಲೋ ಐತ್ರಿ ಮಾವ. ಆದ್ರ ಹಾಡಿನ್ಯಾಗ ಮಾತಿಲ್ಲ, ಕುಣಿಯಾಕೂ ಬರಂಗಿಲ್ಲ. ಈಗಿನ ಮಂದಿ ಕೇಳಲ್ರಿ" ಎಂದೆ. ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆ ಕುಕ್ಕಿದ ಸದ್ದಿನಲ್ಲೇ ನನ್ನ ವಿಮರ್ಶೆಯ ವಿಮರ್ಶೆ ಬಂತು.

ಮಾವನ ಮುಖ ಬಾಡಿತು. "ನಿಮ್ಮ ಹೊಲಿಯೋ ಹೆಣ್ಮಕ್ಳು ಕೇಳ್ಲಿ ಅಳಿಯಂದ್ರೇ. ಅವ್ರೂ ಬ್ಯಾಡ ಅಂದ್ರೆ ಪೆಟ್ಟಿಗೆಗಾಕಿ ಮುಚ್ಚುಬುಡ್ತೀನಿ, ಇನ್ನು ಊದಾಕಿಲ್ಲ" ಎಂದರು.

ಮರುದಿನ ಮಾವನನ್ನೂ ಕರೆದುಕೊಂಡು ಹೋಗಿ, ಷೆಡ್ಡಿನ ಸ್ಪೀಕರಿನಲ್ಲಿ ಅವರ ಹಾಡು ಹಚ್ಚಿದೆ. ನಮ್ಮಲ್ಲಿ ಹಾಡು ಹಿಡಿಸದಿದ್ದರೆ ಯಾರೂ ಹೇಳುವುದಿಲ್ಲ; ಪೆಡಲ್ ಜೋರಾಗಿ ಒತ್ತಿ ಮೆಷಿನ್ನಿನ ಸದ್ದಿನಲ್ಲಿ ಅದನ್ನು ಮುಳುಗಿಸಿಬಿಡುತ್ತಾರೆ. ಅದಕ್ಕೆ ಕಾಯುತ್ತ ನಿಂತೆ. ಕ್ಲಾರಿಯೋನೆಟ್ ಮೆಲ್ಲಗೆ ಎದ್ದಿತು. ಮೆಷಿನ್ನುಗಳೆಲ್ಲ ತಾವಾಗಿ ದನಿ ತಗ್ಗಿಸಿದವು. ಅಬ್ಬಾ, ಮನೆಯಲ್ಲಿ ನಾನು ಕೇಳಿದ್ದು ಇದನ್ನೇನಾ! ಹಾಡು ಮುಗಿದರೂ ಯಾರೂ ಮಾತಾಡಲಿಲ್ಲ. ಮದುವೆಮನೆಯ ಶಿಳ್ಳೆಗೆ ಒಗ್ಗಿದ ಮಾವ ಆ ಮೌನಕ್ಕೆ ಹೆದರಿ, ಎದ್ದು ಚಪ್ಪಲಿ ಹುಡುಕತೊಡಗಿದರು.

ಅಷ್ಟರಲ್ಲಿ ಹಿಂದಿನ ಸಾಲಿನ ಎಲ್ಲಮ್ಮ, "ಅಯ್ಯಯ್ಯೋ ಸಾವ್ಕಾರ್ರ, ಇಲ್ನೋಡ್ರಿ!" ಎಂದು ಕೂಗಿದಳು. ಪ್ಯಾಂಟಿನ ಹಿಂದಿನ ಕಿಸೆಯನ್ನು ಮೂರು ಕಡೆ ಹೊಲಿದು ಮೇಲ್ಗಡೆ ಬಿಡಬೇಕು. ಅವಳು ನಾಲ್ಕೂ ಕಡೆ ಹೊಲಿದು ಮುಚ್ಚಿದ್ದಳು. ಪಕ್ಕದವಳೂ ಹಾಗೇ. ನೋಡಿದರೆ ಇಡೀ ಸಾಲೇ ಹಾಗೆ ಮಾಡಿಟ್ಟಿತ್ತು.

"ಕೇಳ್ಕೋಂತ ಕೈ ಎಲ್ಲಿ ನಿಲ್ಲಸ್ಬೇಕಂತನ ಗೊತ್ತಾಗ್ಲಿಲ್ರಿ ಅಜ್ಜಾರ" ಎಂದಳು ಮಾವನಿಗೆ. "ಇನ್ನೊಮ್ಮೆ ಹಚ್ರಿ."

ಮಾವ ಪ್ಯಾಂಟು ಎತ್ತಿಕೊಂಡು ಕಿಸೆಯೊಳಗೆ ಬೆರಳು ತೂರಿಸಲು ನೋಡಿದರು. ಹೋಗಲಿಲ್ಲ. ಕಣ್ಣು ತುಂಬಿಕೊಂಡು, "ಇದುನ್ನ ಬಿಚ್ಬ್ಯಾಡಿ, ನಂಗಿರ್ಲಿ" ಎಂದರು. ಹುಟ್ಟಿದಾಗಿನಿಂದ ಪ್ಯಾಂಟು ತೊಡದ ಮನುಷ್ಯ!

ಸುದ್ದಿ ಕೇಳಿ ಷೆಡ್ಡಿಗೆ ಬಂದ ಹೆಂಡತಿ, ಮಿಕ್ಕವನ್ನು ಬಿಚ್ಚುವ ಕೆಲಸವನ್ನು ವಿಮರ್ಶಕನಿಗೇ ಒಪ್ಪಿಸಿದಳು. "ಈಗಿನ ಮಂದಿ ಕೇಳಲ್ವಲ್ಲ, ನೀವೇ ಕೇಳ್ರಿ" ಎಂದು ಅದೇ ಹಾಡು ಹಚ್ಚಿ ಹೋದಳು. ಬ್ಲೇಡು ಹಿಡಿದು ಕೂತೆ. ಮೇಲಿನ ಹೊಲಿಗೆಯೊಂದನ್ನು ಬಿಚ್ಚಿದ್ದರೆ ಸಾಕಿತ್ತು. ಹಾಡು ನಿಂತಾಗ ನೋಡಿದರೆ ಪ್ಯಾಂಟುಗಳೆಲ್ಲ ಒಂದು ಕಡೆ, ಕಿಸೆಗಳೆಲ್ಲ ನನ್ನ ಮಡಿಲಲ್ಲಿ.