ಹಿಂದಿನ ಬೆಂಚಿಲ್ಲದ ಕೊಠಡಿ

ಒಪ್ಪಿಕೊಂಡುಬಿಡುತ್ತೇನೆ: ನನಗೆ ಪಾಠ ಮಾಡುವುದಕ್ಕಿಂತ ಮೇಜು ಜೋಡಿಸುವುದೇ ಇಷ್ಟ. ಮನೆಯಲ್ಲೂ ತಿಂಗಳಿಗೊಮ್ಮೆ ಮಂಚದ ದಿಕ್ಕು ಬದಲಿಸಿ ಹೆಂಡತಿಯಿಂದ ಬೈಸಿಕೊಳ್ಳುವವನು ನಾನು. ಹೀಗಿರುವಾಗ, ವಿದ್ಯಾರ್ಥಿಗಳು ಕೂಡಿ ಕಲಿಯುವಂಥ ತರಗತಿಯೊಂದನ್ನು ವಿನ್ಯಾಸ ಮಾಡಿ ಎಂದು ನಮ್ಮ ವಿಶ್ವವಿದ್ಯಾಲಯದವರು ಹೇಳಿದಾಗ ಹಿಗ್ಗಿ ಹೀರೇಕಾಯಿಯಾದೆ. ಬೆಂಚುಗಳನ್ನೆಲ್ಲ ಹೊರಗೆ ಹಾಕಿಸಿ, ಆರಾರು ಕುರ್ಚಿಯ ದುಂಡು ಮೇಜು ತರಿಸಿದೆ. ಎಲ್ಲರೂ ಎಲ್ಲರ ಮುಖ ನೋಡಬೇಕು, ತಲೆತಪ್ಪಿಸಿಕೊಳ್ಳಲು ಹಿಂದಿನ ಬೆಂಚೇ ಇರಬಾರದು ಎಂದು ವರದಿಯಲ್ಲಿ ಬರೆದೆ. ಹಾಜರಿಯೂ ಕೂಡಿಯೇ. ಮೇಜಿಗೊಬ್ಬ ಕೈಯೆತ್ತಿ "ಆರೂ ಮಂದಿ ಅದೀವ್ರಿ ಸರ್" ಅಂದರೆ ಮುಗಿಯಿತು, ನಾನು ತಲೆಯೆತ್ತದೆ ಆರು ಹೆಸರಿಗೂ ಗುರುತು ಹಾಕುತ್ತಿದ್ದೆ.

ಸಂಡೂರಿನ ಕಡೆಯಿಂದ ಅದಿರಿನ ಲಾರಿಗಳು ಬಿಡುವಿಲ್ಲದೆ ಹರಿಯುತ್ತಿದ್ದ ಕಾಲ ಅದು. ಬೆಳಿಗ್ಗೆ ಒರೆಸಿದ ಮೇಜು ಮಧ್ಯಾಹ್ನಕ್ಕೆ ಕೆಂಪು. ಕಸ ಗುಡಿಸುವ ಗಂಗಮ್ಮ ಒಂದು ದಿನ ಕಿಟಕಿ ಪಕ್ಕದ ಕುರ್ಚಿ ತೋರಿಸಿದಳು. "ಸರ, ಉಳದ ಕುರ್ಚಿ ಹುಡುಗ್ರ ಪ್ಯಾಂಟಿನಿಂದನ ಸ್ವಚ್ಛ ಆಗ್ತಾವ್ರಿ. ಇದರ ಮ್ಯಾಲ ಮಾತ್ರ ಬೆರಳು ದಪ್ಪ ಧೂಳು. ತಿಂಗಳಾತು, ಯಾರೂ ಕುಂತಿಲ್ಲ. ನಾನು ಒಯ್ಯಲೇನ್ರಿ?"

"ಆರು ಇರಲೇಬೇಕಮ್ಮಾ, ಐದಾದರೆ ವಿನ್ಯಾಸ ಕೆಡುತ್ತದೆ" ಎಂದೆ. ಅದು ನನ್ನ ವಿದ್ಯಾರ್ಥಿ ವೀರೇಶನ ಕುರ್ಚಿ ಎಂದು ನೋಡುವಷ್ಟು ಪುರುಸೊತ್ತು ನನಗಿರಲಿಲ್ಲ.

ಅದೇ ವಾರ ಮೆಟ್ರಿ ಎಂಬ ಹಳ್ಳಿಯಿಂದ ವೀರೇಶನ ಅಪ್ಪ ಬಸಪ್ಪನವರು ಬಂದರು. "ಮಗ ಲಾರಿ ಹೊಡೀತಾನ ಅಂತ ಊರಾಗ ಮಂದಿ ಅಂತಾರ್ರಿ. ಖರೇನ ಇದ್ರ ಇವತ್ತ ಎಳಕೊಂಡು ಹೋಗ್ತೀನಿ."

ನಾನು ಹಾಜರಿ ಪುಸ್ತಕ ಬಿಡಿಸಿ ಬೀಗಿದೆ. "ಒಂದು ದಿನವೂ ತಪ್ಪಿಸಿಲ್ಲ, ನೋಡ್ರಿ."

"ಹಂಗಾರ ಮಂದಿ ಬಾಯಿಗಿಷ್ಟು ಮಣ್ಣ ಹಾಕ" ಎಂದು ನಗುತ್ತಾ ಬಸ್ಸು ಹತ್ತಿದರು.

ಹತ್ತು ದಿನ ಕಳೆದಿರಬೇಕು. ಯಶವಂತನಗರದ ಇಳಿಜಾರಿನಲ್ಲಿ ಟಿಪ್ಪರ್ ಮಗುಚಿ, ಓಡಿಸುತ್ತಿದ್ದ ವೀರೇಶ ಅಲ್ಲೇ ತೀರಿಕೊಂಡ. ಆಗ ಬೆಳಿಗ್ಗೆ ಹನ್ನೊಂದು ಗಂಟೆ, ನನ್ನ ತರಗತಿ ನಡೆಯುತ್ತಿತ್ತು.

ಮಗನ ಮಾರ್ಕ್ಸ್ ಕಾರ್ಡು ಒಯ್ಯಲು ಬಸಪ್ಪನವರು ಮತ್ತೆ ಬಂದಾಗ ನಾನಿದ್ದ ಆ ತರಗತಿಗೇ ಬಂದು ಹಾಜರಿ ಪುಸ್ತಕ ಕೇಳಿದರು. ಬೆರಳಿಟ್ಟು ಸಾಲು ಹುಡುಕಿದರು. "ಅವತ್ತೂ ಬಂದಾನಲ್ರಿ ಸರ" ಅಂದರು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮಗನ ಜಾಗ ಯಾವುದೆಂದು ಕೇಳಿ, ಹೆಗಲ ಮೇಲಿನ ಟವೆಲಿನಿಂದ ಕಿಟಕಿ ಪಕ್ಕದ ಆ ಕುರ್ಚಿ ಒರೆಸಿ, ಕೂತು, ನನ್ನನ್ನೇ ನೋಡಿದರು. ಎದ್ದು ಬೇರೆ ಮೇಜಿಗೆ ಹೋದೆ. ಅಲ್ಲಿಗೂ ಅವರ ಮುಖ ಕಾಣುತ್ತಿತ್ತು. ಕೊಠಡಿಯನ್ನು ಅಷ್ಟು ಚೆನ್ನಾಗಿ ವಿನ್ಯಾಸ ಮಾಡಿದ್ದೆ, ಹೋಗಿ ಕೂರಲು ನನಗೇ ಒಂದು ಹಿಂದಿನ ಬೆಂಚಿರಲಿಲ್ಲ.