ಕಣಿವೆಗೆ ಹೊರಟ ಬ್ಯಾಂಡಿನ ಗಾಡಿಯವರಿಗೆ

ಪುಣೆಯ ವಿಮಾನ ನಗರದ ನಮ್ಮ ಸೊಸೈಟಿಯ ಗುಲ್‌ಮೊಹರ್ ಮರದ ಕೆಳಗೆ ವರ್ಷದ ಹನ್ನೊಂದು ತಿಂಗಳು ವಿರಾಜಮಾನರಾಗಿರುವ, ಏರಿನಲ್ಲಿ ಎಂದೂ ಅವಸರ ಮಾಡದ, ಇಳಿಜಾರಿನಲ್ಲಿ ಎಂದೂ ಯಾರ ಮಾತನ್ನೂ ಕೇಳದ, ನಮ್ಮ ಕುಟುಂಬದ ಖಾಯಂ ಸದಸ್ಯರಾದ ಶ್ರೀಮಾನ್ ಗಾಡಿಯವರ ನಾಲ್ಕೂ ಚಕ್ರಗಳಿಗೆ, ಹಿಂದೆ ತೂಗುಹಾಕಿದ ಐದನೆಯದನ್ನೂ ಸೇರಿಸಿ, ಇಂದೂ ಎಂಬ ಬಡಪಾಯಿ ಹೆಂಗಸು ಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಕಣ್ಣಾರೆ ಕಂಡಿದ್ದೇನೆ. ಇಂದು ಬೆಳಿಗ್ಗೆ ಆಫೀಸಿಗೆ ಹೊರಟಾಗ ಬಗ್ಗಿ ನೋಡಿದೆ. ತಮ್ಮ ಹೊಟ್ಟೆಯ ಕೆಳಗೆ ಎಣ್ಣೆ ಸೋರಿದ ಒಂದು ಹನಿಯ ಗುರುತೂ ಇರಲಿಲ್ಲ. ಇದರಿಂದ ನನಗೆ ಎಷ್ಟು ಗಾಬರಿಯಾಯಿತು ಎಂಬುದನ್ನು ಸಾವಕಾಶವಾಗಿ ಅರಿಕೆ ಮಾಡಿಕೊಳ್ಳುತ್ತೇನೆ.

ತಮಗೆ ತಿಳಿದಂತೆ, ಮೇ ತಿಂಗಳು ಬಂತೆಂದರೆ ಪುಣೆಯ ಮರ್ಯಾದಸ್ಥ ಕುಟುಂಬಗಳು ಮಹಾಬಳೇಶ್ವರಕ್ಕೆ ಹೋಗಿ, ಎರಡು ದಿನ ತಂಪಾಗಿದ್ದು, ಜಾಮಿನ ಬಾಟಲಿ ಹಿಡಿದು ವಾಪಸು ಬರುತ್ತವೆ. ನಾವು ಮಾತ್ರ ತಮ್ಮೊಳಗೆ ಹಾಸಿಗೆ, ಸ್ಟೋವು, ಕಟಕ ರೊಟ್ಟಿಯ ಡಬ್ಬಿಗಳ ನಡುವೆ ಕೂತು, ಅರ್ಧ ದೇಶದ ಬಿಸಿಲು ಕುಡಿದು, ಕಿನ್ನೌರ, ಸ್ಪಿತಿ ಎಂಬ ಎತ್ತರದ ಕಣಿವೆಗಳಿಗೆ ಹೋಗಿ ಬರುತ್ತೇವೆ. ಮಗಳು ನೀಲಿಮಾ ಮೂರನೆಯ ಇಯತ್ತೆಯಲ್ಲಿದ್ದಾಗ ಶುರುವಾದ ಈ ಪದ್ಧತಿ ಈ ವರ್ಷಕ್ಕೆ ಮುಗಿಯುವುದರಲ್ಲಿದೆ. ಅವಳೀಗ ಹತ್ತನೆಯದಕ್ಕೆ ಬಂದಿದ್ದಾಳೆ. ಹೋದ ವಾರ ಫ್ರಿಜ್ಜಿನ ಬಾಗಿಲಿಗೆ ಕೋಚಿಂಗ್ ಕ್ಲಾಸಿನ ವೇಳಾಪಟ್ಟಿ ಅಂಟಿಸಿ, ನನ್ನ ಮುಖವನ್ನೂ ನೋಡದೆ ಹೇಳಿದಳು: "ಮೇ ಕಡೀಕ ಕ್ಲಾಸ್ ಶುರು ಆಗತಾವ ಆಯಿ. ಅದರೊಳಗ ವಾಪಸ್ ಬರಬೇಕು ನೋಡು. ಮುಂದಿನ ವರ್ಷದಿಂದ ನನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ." ಆಗಲಿ ಎಂದೆ. ಆಮೇಲೆ ಮೊಸರು ಕಡೆಯುತ್ತ ನಿಂತವಳಿಗೆ ಅಳು ಬಂತು. ಮುಂದೆ ಕಾಲೇಜು, ಪ್ರವೇಶ ಪರೀಕ್ಷೆ, ಗೆಳತಿಯರು. ನಮ್ಮೊಂದಿಗೆ ತಮ್ಮೊಳಗೆ ಕೂರಲು ಅವಳಿಗೆ ಪುರುಸೊತ್ತು ಸಿಗುವ ಲಕ್ಷಣವಿಲ್ಲ. ಆದ್ದರಿಂದ ಇದು ಕೊನೆಯ ಪ್ರವಾಸ, ಮತ್ತು ಆದ್ದರಿಂದಲೇ ಈ ಪತ್ರ.

ದೂರು ಹೇಳುವ ಮೊದಲು ತಮ್ಮ ಪೂರ್ವೇತಿಹಾಸವನ್ನು ಸ್ಮರಿಸುವುದು ಶಿಷ್ಟಾಚಾರ. ರಾಂಜಣಗಾಂವದ ಕಾರ್ಖಾನೆಯಲ್ಲಿ ಟೂಲ್‌ರೂಮು ನೋಡಿಕೊಳ್ಳುವ ನನ್ನ ಯಜಮಾನರು ಪ್ರಲ್ಹಾದರು, ಜೇಜುರಿಗೆ ಕುಲದೇವರು ಖಂಡೋಬಾನ ದರ್ಶನಕ್ಕೆಂದು ಹೋದವರು ಪ್ರಸಾದದ ಜೊತೆಗೆ ತಮ್ಮನ್ನೂ ಹಿಡಿದುಕೊಂಡು ಬಂದರು. ತಾವು ಆಗ ಅಲ್ಲಿಯ ಒಂದು ಲಗ್ನದ ಬ್ಯಾಂಡಿನವರ ಸೇವೆಯಿಂದ ನಿವೃತ್ತರಾಗಿದ್ದಿರಿ. ಒಳಗೆ ತುತ್ತೂರಿಗಳಿಗೆ ಹಚ್ಚುವ ಪಾಲಿಶಿನ ವಾಸನೆ, ಸೀಟಿನ ಸಂದಿಯಲ್ಲಿ ಭಂಡಾರದ ಅರಿಸಿನ, ಹೊರಗೆ ಉದ್ದಕ್ಕೂ ಕೆಂಪು ಹಳದಿ ದೇವನಾಗರಿಯಲ್ಲಿ "ಶ್ರೀ ಖಂಡೋಬಾ ಬ್ರಾಸ್ ಬ್ಯಾಂಡ್, ಲಗ್ನ ಮತ್ತು ವರನ ಮೆರವಣಿಗೆಗೆ ತಪ್ಪದೆ ಭೇಟಿ ಕೊಡಿ" ಎಂಬರ್ಥದ ಮರಾಠಿ ಬರಹ. ಪ್ರಲ್ಹಾದರು ಬಿಳಿ ಬಣ್ಣದ ಡಬ್ಬಿ ತೆರೆದದ್ದೇ ತಡ, ಅತ್ತೆ ಕೃಷ್ಣಾಬಾಯಿಯವರು ಅಂಗಳಕ್ಕೆ ಇಳಿದು ಬಂದರು. "ಕುಲದೇವರ ಹೆಸರಿನ ಮ್ಯಾಲೆ ಬಣ್ಣಾ ಬಳೀತೀ ಏನೋ ಪಲ್ಲ್ಯಾ? ಒಂದ ಅಕ್ಷರಾ ಮುಟ್ಟೀದಿ ಅಂದ್ರ ನಾ ಈ ಗಾಡ್ಯಾಗ ಕಾಲ ಇಡೂದಿಲ್ಲ ನೋಡು." ದೇವರ ಹೆಸರನ್ನು ಬಿಟ್ಟು ಬ್ಯಾಂಡಿನ ವಿಷಯ ಮಾತ್ರ ಅಳಿಸುತ್ತೇನೆಂದು ಮಗ ಅಂಗಲಾಚಿದ. "ಹೆಸರ ಇಟ್ಟು ಹೊಟ್ಟೀ ಉದ್ಯೋಗ ಅಳಿಸಿದ್ರ ದೇವರು ಸುಮ್ಮನಿರತಾನೇನು?" ಎಂದರು ಅತ್ತೆ. ಬರಹ ಇದ್ದಂತೆಯೇ ಉಳಿಯಿತು. ಅತ್ತೆಯವರು ಇಂದಿನವರೆಗೂ ತಮ್ಮೊಳಗೆ ಕಾಲಿಟ್ಟಿಲ್ಲ.

ಈ ಭಕ್ತಿಯ ಫಲವನ್ನು ನಾವು ಕಿನ್ನೌರದ ಸಾಂಗ್ಲಾ ಕಣಿವೆಯಲ್ಲಿ ಉಂಡೆವು. ನೀಲೂ ಇನ್ನೂ ಚಿಕ್ಕವಳು. ಸೇಬಿನ ತೋಟಗಳ ನಡುವಿನ ಊರಿನಲ್ಲಿ ನೀರು ತುಂಬಿಸಿಕೊಳ್ಳಲು ತಮ್ಮನ್ನು ನಿಲ್ಲಿಸಿದ್ದೆವು. ಅಲ್ಲಿಯವರಿಗೆ ಮರಾಠಿ ಬಾರದು, ಆದರೆ ಹಿಂದಿ ಓದಿದವರಿಗೆ ಆ ಲಿಪಿ ಚೆನ್ನಾಗಿ ಬರುತ್ತದೆ ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ. ಹಸಿರು ಟೊಪ್ಪಿಗೆಯ ಹಿರಿಯರೊಬ್ಬರು ತಮ್ಮ ಬದಿಯ ಬರಹವನ್ನು ಬೆರಳಿಟ್ಟು ಓದಿ, "ಅರೇ, ಬ್ಯಾಂಡ್ ಆ ಗಯಾ!" ಎಂದು ಕೂಗಿದರು. ಆ ದಿನ ಅಲ್ಲಿ ಅವರ ಅಣ್ಣನ ಮಗನ ಮದುವೆ. ಬರಬೇಕಾಗಿದ್ದ ವಾದ್ಯದವರು ಕೆಳಗಿನ ರಸ್ತೆ ಕುಸಿದು ಸಿಕ್ಕಿಬಿದ್ದಿದ್ದರಂತೆ. ನಾವು ಬ್ಯಾಂಡಿನವರಲ್ಲವೆಂದು ಪ್ರಲ್ಹಾದರು ತಮ್ಮ ಪುಣೇರಿ ಹಿಂದಿಯಲ್ಲಿ ವಿವರಿಸಿದಷ್ಟೂ, ಇವರು ರೇಟು ಏರಿಸುತ್ತಿದ್ದಾರೆಂದು ಆ ಹಿರಿಯರು ತಿಳಿದರು. ಕೊನೆಗೆ ತಾವು ಹಾರ್ನು ಹೊಡೆದಿರಿ, ನೀಲೂ ಪರಾತದ ಮೇಲೆ ಸೌಟು ಬಾರಿಸಿದಳು, ನಾನು ಧಾರವಾಡದ ನಮ್ಮ ಸೋದರತ್ತೆ ಕಲಿಸಿದ ಬೀಗರನ್ನು ಬಯ್ಯುವ ಹಾಡನ್ನು ಎತ್ತಿದ ದನಿಯಲ್ಲಿ ಹಾಡಿದೆ. ವರನ ತಾಯಿಯನ್ನು ಹಾಗಲಕಾಯಿ ಎಂದೆ, ತಂದೆಯನ್ನು ಹರಕು ಛತ್ರಿ ಎಂದೆ. ಅವರು ಕೈಕೈ ಹಿಡಿದು ಸುತ್ತ ಕುಣಿದರು, ಮೇಲೆ ಅನ್ನ ರಾಜ್ಮಾ ಉಣಿಸಿ ಮಗುವಿಗೊಂದು ಉಣ್ಣೆಯ ಟೊಪ್ಪಿಗೆ ಹಾಕಿ ಕಳಿಸಿದರು. ಸರ್ಕಾರಿ ಕಚೇರಿಯ ಗುಮಾಸ್ತೆಯಾದ ನನ್ನನ್ನು ಹೀಗೆ ಊರೂರು ಹಾಡಿಸಿದ ಕೀರ್ತಿ ಸಂಪೂರ್ಣ ತಮ್ಮದು.

ತಮ್ಮ ಇತರ ಉಪಕಾರಗಳನ್ನೂ ಮರೆತಿಲ್ಲ. ತಮ್ಮ ಎಂಜಿನ್ನು ಉಳಿದ ಗಾಡಿಗಳಂತೆ ಹೊರಗೆ ಮರ್ಯಾದೆಯಿಂದ ಕೂರದೆ, ಒಳಗೆ ಡ್ರೈವರಿಗೂ ನನಗೂ ನಡುವೆ ಬಂದು ಕೂತಿದೆ. ಇಂದೂರಿನ ಬಿಸಿಲಿನಲ್ಲಿ ಅದರ ಮೇಲೆ ರೊಟ್ಟಿ ಸುಡಬಹುದು. ಆದರೆ ಚಳಿಯ ನಾಡಿನಲ್ಲಿ ಹೆಪ್ಪು ಹಾಕಿದ ಪಾತ್ರೆಗೆ ಶಾಲು ಸುತ್ತಿ ಅದರ ಮುಚ್ಚಳದ ಮೇಲಿಟ್ಟರೆ ಮೊಸರಾಗುತ್ತದೆ ಎಂದು ಕಂಡುಹಿಡಿದವಳು ನಾನು, ಮತ್ತು ಅದಕ್ಕೆ ತಾವು ಒಂದು ದಿನವೂ ಬೇಡವೆನ್ನಲಿಲ್ಲ. ದಾರಿ ಏರಿ ಎಂಜಿನ್ನು ಕಾದರೆ ಮೊಸರು ಕಲ್ಲಿನಂತೆ ಗಟ್ಟಿ. ಇಳಿದರೆ ಹಾಲು ಹಾಲೇ. ಮೊಸರಿಲ್ಲದೆ ಊಟ ಮುಗಿಸಲಾರದ ಜನ ನಾವು. ಎಷ್ಟೋ ಸಲ ಬರೀ ಮೊಸರಿಗಾಗಿ ಪ್ರಲ್ಹಾದರು ಬೇಡದ ಘಟ್ಟ ಹತ್ತಿದ್ದಾರೆ. ಮೇಲೆ ಹೋಗಿ ನೋಡಿದರೆ ಎದುರಿಗೆ ಹಿಮದ ಶಿಖರಗಳು. ಅವು ನಮಗೆ ಕೊಸರಿನಂತೆ ಸಿಕ್ಕವು.

ಏರಿನ ಮಾತು ಬಂದದ್ದರಿಂದ ಕಲ್ಲಿನ ವಿಷಯ. ತಾವು ಕಡಿದಾದ ತಿರುವಿನಲ್ಲಿ ಒಮ್ಮೆ ಕೆಮ್ಮಿ, ಎರಡು ಸಲ ನಡುಗಿ, ಸಾಕು ಎಂದು ನಿಂತುಬಿಡುತ್ತಿದ್ದಿರಿ. ತಮ್ಮ ಹ್ಯಾಂಡ್‌ಬ್ರೇಕು ಅಲಂಕಾರಕ್ಕೆ ಇದ್ದಂಥದ್ದು. ಆದ್ದರಿಂದ ಹಿಂದಿನ ಚಕ್ರಕ್ಕೆ ಕಲ್ಲು ಕೊಡುವ ಖಾತೆಯನ್ನು ನೀಲೂ ವಹಿಸಿಕೊಂಡಳು. "ಬಾಬಾ, ಬ್ರೇಕ್ ಹಿಡದ್ಯಾ? ಕಲ್ಲ ಕೊಟ್ಟೆ!" ಎಂದು ಅವಳು ಕೂಗುವ ತನಕ ನಾನು ಉಸಿರು ಬಿಡುತ್ತಿರಲಿಲ್ಲ. ಹುಡುಗಿ ಬೆಳೆದಂತೆ ಕಲ್ಲೂ ದೊಡ್ಡದಾಯಿತು. ಸೊಸೈಟಿಯ ಉಳಿದ ಮಕ್ಕಳು ಸ್ಕೇಟಿಂಗು, ಕೀಬೋರ್ಡು ಕಲಿಯುತ್ತಿದ್ದಾಗ ನಮ್ಮ ಮಗಳಿಗೆ ಬಂದ ಕಲೆ ಇದೊಂದೇ, ಇದಕ್ಕೂ ತಾವೇ ಗುರುಗಳು.

ಈಗ ನಿಜವಾದ ದೂರಿಗೆ ಬರುತ್ತೇನೆ; ದಯವಿಟ್ಟು ಕಿವಿಗೊಡಬೇಕು.

ಮೂರು ವರ್ಷದ ಹಿಂದೆ ಸ್ಪಿತಿಯ ನದಿಯ ಮೇಲುಗಡೆ, ಹತ್ತಾರು ಮನೆಯ ಒಂದು ಊರಿನ ಮುಂದೆ ತಮ್ಮ ಗೇರ್‌ಬಾಕ್ಸು ಒಡೆಯಿತು. ಬಿಡಿಭಾಗ ತರಲು ಪ್ರಲ್ಹಾದರು ಬಸ್ಸು ಹಿಡಿದು ಶಿಮ್ಲಾದ ಕಡೆಗೆ ಹೋದರು. ನಾನೂ ನೀಲೂ ತಮ್ಮೊಳಗೆ ಉಳಿದೆವು. ಮೊದಲ ದಿನ ತಮ್ಮನ್ನು ನಾನು ಬಾಯಿಗೆ ಬಂದಂತೆ ಬಯ್ದದ್ದು ತಮಗೆ ನೆನಪಿದ್ದೀತು. ಎರಡನೆಯ ದಿನದಿಂದ ಬಯ್ಯಲು ಪುರುಸೊತ್ತಾಗಲಿಲ್ಲ. ಊರಿನ ಹೆಂಗಸರು ಬಟಾಣಿ ಬಿತ್ತುತ್ತಿದ್ದರು. ನಮ್ಮಿಬ್ಬರ ಕೈಗೂ ಬೀಜದ ಚೀಲ ಕೊಟ್ಟು ಒಂದು ಸಾಲು ತೋರಿಸಿದರು. ಬಿತ್ತುತ್ತ ಬಿತ್ತುತ್ತ ನೀಲೂ ಮಾತಾಡತೊಡಗಿದಳು. ಗಣಿತದ ಪರೀಕ್ಷೆಯಲ್ಲಿ ಪಕ್ಕದವಳ ಉತ್ತರ ನೋಡಿ ಬರೆದದ್ದು, ಅಜ್ಜಿಯ ಗೊರಕೆಗೆ ತಾನು ಹೆಸರಿಟ್ಟದ್ದು, ದೊಡ್ಡವಳಾದ ಮೇಲೆ ಪಿಎಂಟಿ ಬಸ್ಸಿನ ಕಂಡಕ್ಟರ್ ಆಗಬೇಕೆಂದು ಗುಟ್ಟಾಗಿ ನಿಶ್ಚಯಿಸಿದ್ದು. ಪುಣೆಯಲ್ಲಿ ನನಗೆ ಈ ಹುಡುಗಿ ಸಿಗುವುದಿಲ್ಲ, ಮಾನ್ಯರೇ. ಅಲ್ಲಿ ನಾನು ಟಿಫಿನ್ ತುಂಬುವವಳು, ಅವಳು ರಿಕ್ಷಾ ಹತ್ತುವವಳು. ಸಂಜೆ ನಾನು ಬರುವಷ್ಟರಲ್ಲಿ ಅವಳ ಮುಂದೆ ಪುಸ್ತಕ ತೆರೆದಿರುತ್ತದೆ. ಆ ಹೊಲದಲ್ಲಿ ಅವಳು ನನ್ನವಳಾಗಿದ್ದಳು. ಸಾಲಿನ ಕೊನೆ ಮುಟ್ಟಿದಾಗ ಸೊಂಟ ನೆಟ್ಟಗೆ ಮಾಡಿ ಕೇಳಿದಳು: "ಆಯಿ, ನೀ ಸಣ್ಣಾಕಿ ಇದ್ದಾಗ ಏನ ಆಗಬೇಕಂತ ಇದ್ದಿ?"

ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಬೀಜದ ಚೀಲ ಕೆಳಗಿಟ್ಟು ಕೈಯ ಮಣ್ಣು ಒರೆಸಿಕೊಂಡೆ. ಅಷ್ಟರಲ್ಲಿ ಕೆಳಗಿನ ತಿರುವಿನಿಂದ ಪ್ರಲ್ಹಾದರು ಹೆಗಲ ಮೇಲೆ ಗೋಣಿಚೀಲ ಹೊತ್ತು, ಹಲ್ಲು ಕಿರಿಯುತ್ತ ಬಂದರು. ತಾವು ಒಂದೇ ಮಧ್ಯಾಹ್ನದಲ್ಲಿ ರಿಪೇರಿಯಾಗಿ ಗುಡುಗುಡು ಎಂದಿರಿ. ನಾವು ಹತ್ತಿಕೊಂಡೆವು. ಆ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ, ಅವಳೂ ಮತ್ತೆ ಕೇಳಿಲ್ಲ. ಇದುವರೆಗೆ ಕೆಟ್ಟದ್ದಕ್ಕಾಗಿ ತಮ್ಮನ್ನು ಎಷ್ಟೋ ಮಂದಿ ದೂರಿದ್ದಾರೆ. ಅಷ್ಟು ಬೇಗ ಸರಿಹೋದದ್ದಕ್ಕಾಗಿ ದೂರುವವಳು ನಾನೊಬ್ಬಳೇ ಇರಬೇಕು.

ಇಷ್ಟಾದ ಮೇಲೂ ತಾವು ಈ ಚಳಿಗಾಲದಲ್ಲಿ ಮಾಡಿದ್ದೇನು? ಪ್ರಲ್ಹಾದರ ಗೆಳೆಯ, ಮೆಕ್ಯಾನಿಕ್ ಸದಾನಂದರ ಕೈಗೆ ಎಂಜಿನ್ನನ್ನು ಒಪ್ಪಿಸಿ, ಬೋರಿಂಗು, ಪಿಸ್ಟನ್ನು, ಗೇರು, ಬ್ರೇಕು ಎಲ್ಲ ಹೊಸದು ಮಾಡಿಸಿಕೊಂಡು ಹದಿಹರೆಯದವರಂತೆ ಬಂದು ನಿಂತಿದ್ದೀರಿ. ಈಗ ಅರ್ಧ ಕೀಲಿಗೆ ಸ್ಟಾರ್ಟ್ ಆಗುತ್ತೀರಿ. ಎಣ್ಣೆ ಸೋರುವುದಿಲ್ಲ, ಹೊಗೆ ಉಗುಳುವುದಿಲ್ಲ. ಮೊನ್ನೆ ದಿವೇಘಾಟವನ್ನು ನಿಲ್ಲದೆ ಹತ್ತಿದಿರೆಂದು ಯಜಮಾನರು ಊರಿಗೆಲ್ಲ ಪೇಢೆ ಹಂಚಿದಂತೆ ಹೇಳಿಕೊಂಡು ಬಂದರು. "ಈ ಸಲ ಕ್ಲಾಸಿಗೆ ಎರಡ ದಿವಸ ಮೊದಲೇ ತಂದ ಮುಟ್ಟಸತೀನಿ ನೋಡ" ಎಂದು ಮಗಳಿಗೆ ಮಾತು ಕೊಟ್ಟಿದ್ದಾರೆ. ಮಗಳು ಹೂಂ ಎಂದಳು. ಅವಳ ಹೂಂನಲ್ಲಿ ಸಂತೋಷವಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಅವಳ ಹೂಂಗಳು ಈಗೀಗ ನನಗೆ ತಿಳಿಯುವುದಿಲ್ಲ.

ಆದ್ದರಿಂದ ತಮ್ಮ ಸನ್ನಿಧಿಯಲ್ಲಿ ನನ್ನ ವಿನಂತಿ. ಸಾಧ್ಯವಿದ್ದರೆ ಮೇ ತಿಂಗಳನ್ನು ಇನ್ನೊಂದಿಷ್ಟು ಉದ್ದ ಮಾಡಬೇಕು. ಆಗದಿದ್ದರೆ ಮಗಳನ್ನು ಮತ್ತೆ ಮೂರನೆಯ ಇಯತ್ತೆಗೆ ರಿವರ್ಸ್ ತೆಗೆದುಕೊಡಬೇಕು. ಗೇರು ಹೊಸದಾದರೂ ಅಷ್ಟು ಹಿಂದಕ್ಕೆ ಹೋಗುವುದು ತಮಗೆ ಕಷ್ಟವೆಂದು ಬಲ್ಲೆ. ಇವೆರಡೂ ತಮ್ಮ ಅಧಿಕಾರಕ್ಕೆ ಮೀರಿದ್ದಾದರೆ, ದಯವಿಟ್ಟು ಒಮ್ಮೆ ಕೆಡಬೇಕು. ಇಂದೂರಿನಲ್ಲಿ ಬೇಡ, ಅಲ್ಲಿ ಹೆಜ್ಜೆಗೊಬ್ಬ ಮೆಕ್ಯಾನಿಕ್ ಇದ್ದಾನೆ. ಕಡಿದಾದ ತಿರುವಿನಲ್ಲೂ ಬೇಡ, ಅಷ್ಟು ಧೈರ್ಯ ನನಗಿಲ್ಲ. ಸ್ಪಿತಿಯ ಯಾವುದಾದರೂ ಊರಿನ ಸಮತಟ್ಟಾದ ಜಾಗದಲ್ಲಿ, ನೀರು ಹತ್ತಿರವಿರುವಲ್ಲಿ, ಬಿತ್ತನೆ ನಡೆದಿರುವಾಗ, ಸುಸ್ತಾದ ಎತ್ತಿನಂತೆ ಸುಮ್ಮನೆ ನಿಂತುಬಿಡಬೇಕು. ಬಿಡಿಭಾಗ ಶಿಮ್ಲಾದಲ್ಲೂ ಸಿಗದಂಥದ್ದಾದರೆ ತಮ್ಮ ಉಪಕಾರ ಜನ್ಮ ಇರುವವರೆಗೂ ಮರೆಯೆನು.

ಇದನ್ನು ಕನ್ನಡ ಸಂಘದ ಯುಗಾದಿ ಸಂಚಿಕೆಯಲ್ಲಿ ಬಹಿರಂಗವಾಗಿ ಅಚ್ಚು ಹಾಕಿಸಲು ನನಗೆ ಯಾವ ಭಯವೂ ಇಲ್ಲ. ಯಜಮಾನರು ಪುಣೆಯಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಓದಿದವರು. ಕನ್ನಡದಲ್ಲಿ ಜಗಳವಾಡುತ್ತಾರೆ, ಲೆಕ್ಕ ಮಾಡುತ್ತಾರೆ, ಕನಸು ಕಾಣುತ್ತಾರೆ, ಆದರೆ ಕನ್ನಡದ ಒಂದು ಅಕ್ಷರವನ್ನೂ ಓದಲಾರರು. ಸಂಚಿಕೆ ಮನೆಗೆ ಬಂದಾಗ ನನ್ನ ಹೆಸರಿನ ಪುಟವನ್ನು ತೋರಿಸಿದರೆ, ಹೆಮ್ಮೆಯಿಂದ ಮಡಚಿ ತಮ್ಮ ಡ್ಯಾಶ್‌ಬೋರ್ಡಿನಲ್ಲೇ ಇಟ್ಟಾರು. ಓದುಗ ಮಹಾಶಯರು ಅವರ ಕಿವಿಗೆ ಹಾಕದಿದ್ದರೆ ಸಾಕು.

ಕೆಟ್ಟು ನಿಲ್ಲುವಿರೆಂಬ ಭರವಸೆಯಲ್ಲಿ,

ತಮ್ಮ ವಿಶ್ವಾಸಿ,
ಇಂದೂ

ತಾ.ಕ.: ಬರೀ ವಿನಂತಿಯಿಂದ ತಾವು ಕೇಳುವವರಲ್ಲವೆಂದು ತಿಳಿದು, ನಿನ್ನೆ ಸಂಜೆ ನಾನೇ ತಮ್ಮೊಳಗೆ ಹತ್ತಿದೆ. ಸದಾನಂದರು ಬದಲಿಸದೆ ಬಿಟ್ಟ ಹಳೆಯ ಫ್ಯಾನ್ ಬೆಲ್ಟು ಸವೆದಿದೆ, ದಾರಿಯಲ್ಲಿ ಹರಿದರೆ ಇರಲೆಂದು ಯಜಮಾನರು ಎರಡು ಹೊಸ ಬೆಲ್ಟು ತಂದು ಸೀಟಿನ ಕೆಳಗೆ ಇಟ್ಟಿದ್ದರು. ಅವನ್ನು ಎತ್ತಿ ಬಚ್ಚಿಡೋಣವೆಂದು ನೋಡಿದರೆ ಒಂದೇ ಇತ್ತು. ಇನ್ನೊಂದಕ್ಕಾಗಿ ಕೈಯಾಡಿಸುತ್ತಿದ್ದಾಗ ಬಾಗಿಲಲ್ಲಿ ನೀಲೂ ಬಂದು ನಿಂತಳು. ನಾನು ಸೆರಗಿನಲ್ಲಿ ಮುಚ್ಚಿದ್ದನ್ನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. "ಇನ್ನೊಂದ ಹುಡಕಬ್ಯಾಡ ಆಯಿ, ಅದು ನನ್ನ ಸಾಲೀ ಚೀಲದಾಗ ಅದ" ಎಂದಳು. "ಬಾಬಾಗ ಹೇಳಬ್ಯಾಡ ಮತ್ತ" ಎಂದು, ನನ್ನ ಸೆರಗಿನಲ್ಲಿದ್ದುದನ್ನೂ ಕೊಡೆಂದು ಕೈ ಚಾಚಿದಳು. ಆದ್ದರಿಂದ ಮಾನ್ಯರೇ, ಇನ್ನೂ ನಿಯತ್ತಾಗಿ ಓಡಿ ನಮ್ಮನ್ನು ವೇಳೆಗೆ ಸರಿಯಾಗಿ ಮನೆ ಮುಟ್ಟಿಸುವ ಹಟ ತಮಗಿದ್ದರೆ, ಎದುರಿಸಬೇಕಾದವರು ನಾವಿಬ್ಬರು ಎಂಬುದು ಗಮನದಲ್ಲಿರಲಿ.